ಒಬ್ಬರಿಗೆ ಒಂದೇ ಸಾವು

ಕಂಪನಿ ಮಾಡಿದ ತಪ್ಪು ಇಷ್ಟು: ತನ್ನ ಆಟದಲ್ಲಿ ದಿನಕ್ಕೆ ನಲವತ್ತು ಲಕ್ಷ ಜನರನ್ನು ಸಾಯಿಸುತ್ತಿತ್ತು, ನಾಲ್ಕು ವರ್ಷದಲ್ಲಿ ಒಂದೇ ಒಂದು ಸಾವನ್ನೂ ನೋಂದಾಯಿಸಿರಲಿಲ್ಲ.

ಆಟದ ಹೆಸರು ‘ಕೊನೆಯ ಕೋಟೆ’. ಬೇರೆ ಬೇರೆ ಊರಿನವರು ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದರಲ್ಲೇ ಮಾತಾಡಿಕೊಳ್ಳುತ್ತಾ, ಒಂದೇ ಹೊತ್ತಿಗೆ ಸೇರಿ ಕೆಂಪು ಪಂಗಡ, ಹಳದಿ ಪಂಗಡ ಎಂದು ಎರಡಾಗಿ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವ ಆಟ. ಸತ್ತವನು ಏಳು ಸೆಕೆಂಡಿನಲ್ಲಿ ಎದ್ದು ಬರುತ್ತಾನೆ, ಮತ್ತೆ ಸಾಯುತ್ತಾನೆ. ಒಂದು ಆಟ ನಲವತ್ತು ನಿಮಿಷ. ಅಷ್ಟರಲ್ಲಿ ಸಾಧಾರಣ ಆಟಗಾರ ಮೂವತ್ತು ಸಲ ಸಾಯುತ್ತಾನೆ. ಕಂಪನಿ ಮಾರುತ್ತಿದ್ದದ್ದು ಬಂದೂಕು. ಸತ್ತವನಿಗೆ ತನ್ನ ಬಂದೂಕು ಸರಿಯಿಲ್ಲ ಅನ್ನಿಸುತ್ತದೆ, ಅನ್ನಿಸಿದ ಕೂಡಲೇ ಎದುರಿಗೆ ಅಂಗಡಿ ತೆರೆದುಕೊಳ್ಳುತ್ತದೆ. ಹೀಗೆ ಎಲ್ಲವೂ ಕ್ರಮವಾಗಿ ನಡೆದುಕೊಂಡು ಹೋಗುತ್ತಿತ್ತು.

ಈ ಕ್ರಮದಲ್ಲಿ ಲೋಪ ಹಿಡಿದವರು ರಿಜಿಸ್ಟರ್ ಅಕ್ಕ. ಪುರಸಭೆಯ ಜನನ ಮರಣ ನೋಂದಣಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಒಂದೇ ಕಿಟಕಿಯ ಹಿಂದೆ ಕೂತಿದ್ದವರು. ಅವರ ಕಾಲದಲ್ಲಿ ಆ ಊರಿನಲ್ಲಿ ಯಾರೂ ನಮೂನೆ ತುಂಬದೆ ಸತ್ತದ್ದಿಲ್ಲ. ಸ್ವಂತ ಗಂಡ ತೀರಿಕೊಂಡಾಗಲೂ ಎರಡನೆಯ ಸಾಕ್ಷಿ ಸಿಗುವ ತನಕ ಅವರು ಅತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದರು. ಮಗಳೂ ಅಳಿಯನೂ ಕೆಲಸಕ್ಕೆ ಹೋದರೆ ಮಧ್ಯಾಹ್ನ ಮನೆಯಲ್ಲಿರುವವರು ಇಬ್ಬರು: ಅಕ್ಕ, ಮತ್ತು ಅಳಿಯನ ತಾಯಿ, ಅಂದರೆ ಅಕ್ಕನ ಬೀಗಿತ್ತಿ.

ಬೀಗಿತ್ತಿ ಹಲ್ಲಿನ ಡಾಕ್ಟರು. ಬೆಳಿಗ್ಗೆಯೆಲ್ಲ ಕ್ಲಿನಿಕ್ಕಿನಲ್ಲಿ ಜನರ ಬಾಯಿ ತೆರೆಸಿ, ಮನೆಗೆ ಬಂದು ಊಟ ಮಾಡಿ, ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕೊನೆಯ ಕೋಟೆಯಲ್ಲಿ ಜನರನ್ನು ಕೊಲ್ಲುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಹಳದಿ ಪಂಗಡದಲ್ಲಿ ಅವರ ಹೆಸರು ‘ದವಡೆ’.

ಒಂದು ಮಧ್ಯಾಹ್ನ ಅಕ್ಕ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಾ ಕೇಳಿದರು:

“ಈಗ ಬಿದ್ದರಲ್ಲ, ಅವರು ಯಾರು?”

“ಯಾರೋ ಕೆಂಪಿನವನು.”

“ಯಾರೋ ಅಂದ್ರೆ? ಹೆಸರು, ವಯಸ್ಸು?”

“ಬೀಗಿತ್ರೇ, ಓಡ್ತಾ ಇರೋನ್ನ ನಿಲ್ಲಿಸಿ ವಯಸ್ಸು ಕೇಳಕ್ಕಾಗುತ್ತಾ?”

“ಮತ್ತೆ ಸತ್ತ ಅಂತ ಯಾರು ಬರ್ಕೊಂಡ್ರು?”

“ಬರ್ಕೊಳ್ಳೋದೇನು ಬಂತು? ನೋಡಿ, ಆಗಲೇ ಎದ್ದು ಬಂದ.”

ಅಕ್ಕ ಬಟ್ಟಲು ಕೆಳಗಿಟ್ಟರು. “ಬರ್ಕೊಳ್ದೆ ಬಿಟ್ರೆ ಎದ್ದು ಬರದೆ ಇನ್ನೇನು ಮಾಡ್ತಾನೆ?” ಅಂದರು.

ಮರುದಿನವೇ ಅಳಿಯನ ಹಳೆಯ ಕಂಪ್ಯೂಟರಿನಲ್ಲಿ ಅಕ್ಕ ಹಳದಿ ಪಂಗಡ ಸೇರಿದರು. ಆಟ ಅವರಿಗೆ ಒಂದು ಬಂದೂಕು, ಒಂದು ಚಾಕು, ಶತ್ರು ಅಡಗಿದ ಜಾಗಕ್ಕೆ ಎರಚಿ ಗುರುತು ಮಾಡಲು ನೀಲಿ ಬಣ್ಣದ ಡಬ್ಬಿಗಳನ್ನು ಕೊಟ್ಟಿತು. ಬಂದೂಕು, ಚಾಕು ಎರಡನ್ನೂ ಅಕ್ಕ ಅಲ್ಲೇ ಕೆಳಗೆ ಹಾಕಿದರು. ಗುಂಡಿನ ಮಳೆಯಲ್ಲಿ ಹತ್ತೊಂಬತ್ತು ಸಲ ಸತ್ತು, ಪಾಳುಬಿದ್ದ ರೈಲು ನಿಲ್ದಾಣಕ್ಕೆ ನಡೆದು ಹೋದರು. ಅಲ್ಲಿ ಗಾಜು ಒಡೆದ ಟಿಕೆಟ್ ಕಿಟಕಿಯೊಂದಿತ್ತು. ಅದರ ಹಿಂದೆ ಕೂತರು. ಇತ್ತ ಮನೆಯಲ್ಲಿ ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ ತೆರೆದು, ಸ್ಕೇಲಿಟ್ಟು ಗೆರೆ ಎಳೆದರು: ಕ್ರಮ ಸಂಖ್ಯೆ, ಹೆಸರು, ವಯಸ್ಸು, ಉದ್ಯೋಗ, ಸಾವಿನ ಸ್ಥಳ, ಕಾರಣ, ಷರಾ.

ಮೊದಲು ಬಂದವನು ಕೆಂಪು ಪಂಗಡದ ‘ಮೂಳೆಮುರುಕ’. ಆ ವಾರ ಎಲ್ಲರಿಗಿಂತ ಹೆಚ್ಚು ಕೊಂದವನು. ಗೋಡೆ ಹಾರಿ ಬಂದು ನೇರ ಅಕ್ಕನ ಹಣೆಗೆ ಬಂದೂಕು ಗುರಿಯಿಟ್ಟ.

“ಸಾಲಿನಲ್ಲಿ ಬನ್ನಿ,” ಅಂದರು ಅಕ್ಕ.

ಮೂಳೆಮುರುಕ ಹಿಂದೆ ತಿರುಗಿ ನೋಡಿದ. ಸಾಲು ಇರಲಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತುಕೊಂಡ. ಕಿಟಕಿಯ ಹಿಂದಿನಿಂದ ಆ ದನಿ ಬಂದರೆ ಮನುಷ್ಯ ಮಾಡುವುದು ಅದನ್ನೇ.

“ಹೆಸರು?”

“ಮೂಳೆಮುರುಕ.”

“ಗೆಳೆಯರು ಕರೆಯೋದಲ್ಲಪ್ಪ, ದಾಖಲೆಯಲ್ಲಿರೋದು.”

ಹೇಳಿದ. ಬರೆದುಕೊಂಡರು.

“ಉದ್ಯೋಗ?”

“ಬೇಕರೀಲಿ ಬ್ರೆಡ್ ಕತ್ತರಿಸ್ತೀನಿ.”

“ಇವತ್ತು ಎಷ್ಟು ಸಲ ಸತ್ತಿದ್ದೀರಿ?”

“ಹನ್ನೊಂದು.”

“ಹನ್ನೊಂದೆಲ್ಲ ಆಗಲ್ಲ. ಒಬ್ಬರಿಗೆ ಒಂದೇ ಸಾವು. ಯಾವುದನ್ನ ಬರ್ಕೊಳ್ಳಲಿ?”

ಮೂಳೆಮುರುಕ ಯೋಚನೆ ಮಾಡಿದ. ಇಂಥ ಆಯ್ಕೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. “ಮೊದಲನೇದೇ ಬರ್ಕೊಳ್ಳಿ ಅಕ್ಕ. ಸೇತುವೆ ಹತ್ರ. ಹಿಂದಿನಿಂದ ಹೊಡೆದ್ರು. ತುಂಬ ಬೇಜಾರಾಗಿತ್ತು.”

ಅಕ್ಕ ಬರೆದುಕೊಂಡು, ಅವನ ಎದೆಗೆ ನೀಲಿ ಬಣ್ಣದ ಒಂದು ಬೊಟ್ಟು ಹಾಕಿದರು. “ಆಯ್ತು. ನೀವಿನ್ನು ಸತ್ತಿದ್ದೀರಿ. ಈ ಆಟ ಮುಗಿಯೋ ತನಕ ಮತ್ತೆ ಸಾಯೋ ಹಾಗಿಲ್ಲ. ಯಾರಾದ್ರೂ ಹೊಡೆಯಕ್ಕೆ ಬಂದ್ರೆ ಕ್ರಮ ಸಂಖ್ಯೆ ಒಂದು ಅನ್ನಿ. ಮುಂದಿನವರು.”

ಅಷ್ಟರಲ್ಲಿ ಮುಂದಿನವರು ಬಂದಿದ್ದರು.

ಒಂದು ತಿಂಗಳಲ್ಲಿ ಇದು ರೂಢಿಯಾಯಿತು. ನೀಲಿ ಬೊಟ್ಟು ಇದ್ದವರನ್ನು ಯಾರೂ ಹೊಡೆಯುತ್ತಿರಲಿಲ್ಲ. ಗೊತ್ತಿಲ್ಲದೆ ಹೊಡೆದವರಿಗೆ ಎರಡೂ ಪಂಗಡದವರು ಸೇರಿ ಛೀಮಾರಿ ಹಾಕುತ್ತಿದ್ದರು: “ಸತ್ತವರಿಗೆ ಹೊಡೀತೀಯಲ್ಲೋ, ಮನೇಲಿ ಹಿರಿಯರು ಇಲ್ವಾ?” ಅಕ್ಕನ ಕಿಟಕಿಯ ಮುಂದೆ ಕೆಂಪು ಹಳದಿ ಬೆರೆತ ಸಾಲು ನಿಲ್ದಾಣ ದಾಟಿ ಸೇತುವೆಯ ತನಕ ಹೋಗುತ್ತಿತ್ತು. ಇಂಥದೇ ಕಿಟಕಿಗಳನ್ನು ಬೇರೆಯವರೂ ಬೇರೆ ಕೋಟೆಗಳಲ್ಲಿ ತೆರೆದರು. ಅಕ್ಕ ಅವರಿಗೆಲ್ಲ ಗೆರೆ ಎಳೆಯುವುದನ್ನು ಹೇಳಿಕೊಟ್ಟರು.

ಸತ್ತವರಿಗೆ ಈಗ ಪುರುಸೊತ್ತು ಸಿಕ್ಕಿತು. ಸಾಯುವುದರಲ್ಲೇ ನಾಲ್ಕು ವರ್ಷ ಕಳೆದ ಜನ ಮೊದಲ ಸಲ ತಲೆಯೆತ್ತಿ ಸುತ್ತ ನೋಡಿದರು. ಸೇತುವೆಯ ಅಡಿಯಲ್ಲಿ ಒಂದು ಹಕ್ಕಿಗೂಡು, ಅದರಲ್ಲಿ ಬಾಯಿ ತೆರೆದ ಮೂರು ಮರಿ. ಕಂಪನಿಯ ಚಿತ್ರಕಾರನೊಬ್ಬ ಬಿಡಿಸಿದ್ದು. ಯಾರೂ ನೋಡದ ಜಾಗದಲ್ಲಿ ಹೊತ್ತು ಕಳೆದ ಎಂದು ಅವನನ್ನು ಕಂಪನಿ ಕೆಲಸದಿಂದ ತೆಗೆದು ಮೂರು ವರ್ಷವಾಗಿತ್ತು. ಸತ್ತವರು ಗುಂಪು ಗುಂಪಾಗಿ ಹೋಗಿ ಆ ಮರಿಗಳನ್ನು ನೋಡಿ ಬಂದರು. ಸಂಗೀತ ಕಲಿಸುವ ಒಬ್ಬಾಕೆ ಖಾಲಿ ಎಣ್ಣೆ ಪೀಪಾಯಿಗಳಿಗೆ ಗುಂಡು ಹೊಡೆದರೆ ಒಂದೊಂದು ಒಂದೊಂದು ಸ್ವರ ಕೊಡುತ್ತದೆಂದು ಪತ್ತೆ ಮಾಡಿ, ಏಳು ಪೀಪಾಯಿ ಸಾಲಾಗಿ ನಿಲ್ಲಿಸಿ, ಮೆಷಿನ್‌ಗನ್ನಿನಲ್ಲಿ ಜೋಗುಳ ನುಡಿಸಿದರು. ನಡುರಸ್ತೆಯಲ್ಲಿ ಸುಟ್ಟು ನಿಂತಿದ್ದ ಬಸ್ಸು ಇಪ್ಪತ್ತು ಜನ ತಳ್ಳಿದರೆ ಕದಲುತ್ತದೆಂದು ಗೊತ್ತಾಯಿತು. ನಿಜಜೀವನದಲ್ಲೂ ಬಸ್ಸು ಓಡಿಸುವ ಡ್ರೈವರೊಬ್ಬ ಸ್ಟೀರಿಂಗ್ ಹಿಡಿದು ಕೂತ. “ನೀರಿನ ಟ್ಯಾಂಕಿ, ನೀರಿನ ಟ್ಯಾಂಕಿ! ಸೇತುವೆ ಇಳಿಯೋರು ಮುಂದೆ ಬನ್ನಿ!” ಎನ್ನುತ್ತಾ ಬಸ್ಸು ಬಂದರೆ, ಇನ್ನೂ ಸಾಯದವರು ಕಾದಾಟ ನಿಲ್ಲಿಸಿ ದಾರಿ ಬಿಡುತ್ತಿದ್ದರು.

ಆ ನಿಲ್ದಾಣದಲ್ಲಿ ಸದಾ ಮಳೆ. ಆಟವನ್ನು ಹಾಗೇ ಮಾಡಿದ್ದರು. ಮಳೆ ನೇರ ಅಕ್ಕನ ಕಿಟಕಿಯ ಮೇಲೆ ಸುರಿಯುತ್ತಿತ್ತು. ಒಂದು ದಿನ ಎರಡು ಗಂಟೆಗೆ ಅಕ್ಕ ಬಂದು ನೋಡಿದರೆ ಕಿಟಕಿಯ ಮೇಲೆ ಚಪ್ಪರ. ಮುರಿದ ಬಾಗಿಲು, ಗುರಾಣಿ, ಬಸ್ಸಿನ ಬಾನೆಟ್ಟು ಸೇರಿಸಿ ಕಟ್ಟಿದ್ದು. ಎದುರಿಗೆ ಮದ್ದುಗುಂಡಿನ ಪೆಟ್ಟಿಗೆಗಳ ಬೆಂಚು. ಪ್ರತಿ ಆಟ ಮುಗಿದಾಗಲೂ ಕೋಟೆ ಮೊದಲಿನಂತಾಗಿ ಎಲ್ಲವೂ ಅಳಿಸಿಹೋಗುತ್ತದೆ. ಹಾಗಾಗಿ ನಲವತ್ತು ಜನ ಒಂದು ವಾರ ಅಭ್ಯಾಸ ಮಾಡಿ, ಆಟ ಶುರುವಾದ ನಾಲ್ಕು ನಿಮಿಷದೊಳಗೆ ಅಷ್ಟನ್ನೂ ಕಟ್ಟುವುದನ್ನು ಕಲಿತಿದ್ದರು. ನಾಳೆಯೂ ಕಟ್ಟಬೇಕು, ನಾಡಿದ್ದೂ ಕಟ್ಟಬೇಕು. ಅದು ಅವರಿಗೆ ಗೊತ್ತಿತ್ತು.

ಅಕ್ಕ ಚಪ್ಪರವನ್ನು ಮೇಲಿಂದ ಕೆಳಗೆ ನೋಡಿದರು.

“ಅನುಮತಿ ತಗೊಂಡಿದ್ರಾ?”

“ಇಲ್ಲ ಅಕ್ಕ,” ಅಂದ ಮೂಳೆಮುರುಕ.

“ಹಾಂ.”

ಮನೆಯಲ್ಲಿ ಬೀಗಿತ್ತಿ ನೋಡುತ್ತಿದ್ದಂತೆ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರ ಕಿಟಕಿಯ ಮುಂದೆ ನಿಂತವರು ಒಂದು ಲಕ್ಷ ಜನ. ಒಬ್ಬರೂ ಅವರಿಗೆ ಮಳೆ ಹೊಡೆಯುತ್ತಿದೆಯೇ ಎಂದು ನೋಡಿರಲಿಲ್ಲ. “ಮುಂದಿನವರು,” ಅಂದರು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಅವತ್ತಿನಿಂದ ಅಕ್ಕ ಒಂದು ಮುಕ್ಕಾಲಿಗೇ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕಂಪ್ಯೂಟರಿನ ಮುಂದೆ ಕೂರತೊಡಗಿದರು. ಆ ಕಿಟಕಿಯನ್ನು ಬಿಟ್ಟರೆ ಇಡೀ ದಿನದಲ್ಲಿ ಅವರನ್ನು ಕಾಯುವವರು ಬೇರೆ ಎಲ್ಲೂ ಇರಲಿಲ್ಲ.

ಕಂಪನಿಯಲ್ಲಿ ಸಾವುಗಳನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕರಿದ್ದರು. ಅವರು ತುರ್ತು ಸಭೆ ಕರೆದರು. ಸಭೆಯಲ್ಲಿ ನಡೆದದ್ದು ಅಕ್ಕನಿಗೆ ಬೀಗಿತ್ತಿಯಿಂದ ತಿಳಿಯಿತು. ಅಲ್ಲಿದ್ದ ನೌಕರನೊಬ್ಬ ಕೆಳದವಡೆಯ ಹಲ್ಲು ತೋರಿಸಲು ಕ್ಲಿನಿಕ್ಕಿಗೆ ಬಂದಿದ್ದ.

“ಸಾವು ಅರ್ಧಕ್ಕರ್ಧ ಬಿದ್ದುಹೋಗಿದೆ. ಜನ ಆಟ ಬಿಟ್ರಾ?” ಎಂದು ಮೇಲ್ವಿಚಾರಕರು ಕೇಳಿದರಂತೆ.

“ಇಲ್ಲ ಸರ್, ಮೊದಲಿಗಿಂತ ಜಾಸ್ತಿ ಹೊತ್ತು ಇರ್ತಾರೆ.”

“ಇದ್ದು ಏನು ಮಾಡ್ತಾರೆ?”

“ಬಸ್ಸು ತಳ್ತಾರೆ ಸರ್.”

“ನಾವು ಬಸ್ಸು ಮಾರ್ತೀವಾ?”

“ಇಲ್ಲ ಸರ್.”

“ಹಾಗಾದ್ರೆ ಅವರು ಖುಷಿಯಾಗಿರೋದು ಯಾರ ಅನುಮತಿಯಿಂದ?”

ನಿಷೇಧಿಸಿದರೆ ಜನ ಸಿಟ್ಟಾಗುತ್ತಾರೆ. ಆದ್ದರಿಂದ ಮೆಚ್ಚಿಕೊಳ್ಳುವುದೆಂದು ತೀರ್ಮಾನವಾಯಿತು. ಯಾವುದನ್ನಾದರೂ ಕಿತ್ತುಕೊಳ್ಳುವ ಮುಂಚೆ ಕಂಪನಿ ಅದನ್ನು ಮೆಚ್ಚಿಕೊಳ್ಳುತ್ತದೆ. ಇದು ಅದರ ಕೆಲಸದ ಕ್ರಮ.

ಮೂರು ದಿನದಲ್ಲಿ ಅಕ್ಕನಿಗೆ ಪತ್ರ ಬಂತು. ಜೊತೆಯಲ್ಲಿ ಕರಡು ನಿಯಮಗಳು.

“ಮಾನ್ಯರೇ, ಆಟಗಾರರ ಸೃಜನಶೀಲತೆ ನಮ್ಮ ಆಸ್ತಿ. ಈ ಮಾತನ್ನು ಕಂಪನಿಯು ಅಕ್ಷರಶಃ ಹೇಳುತ್ತಿದೆ. ಸಾವಿನ ನೋಂದಣಿಯನ್ನು ಅಧಿಕೃತಗೊಳಿಸಲು ನಿರ್ಧರಿಸಲಾಗಿದ್ದು, ಕೆಳಕಂಡ ನಿಯಮಗಳ ಬಗ್ಗೆ ತಮ್ಮ ಅಮೂಲ್ಯ ಅಭಿಪ್ರಾಯ ಕೋರಲಾಗಿದೆ.

ಒಂದು: ಇನ್ನು ಮುಂದೆ ಸಾವಿನ ನೋಂದಣಿಯು ಕಂಪನಿಯ ಕಿಟಕಿಯಲ್ಲಿ ಮಾತ್ರ ನಡೆಯತಕ್ಕದ್ದು.

ಎರಡು: ನೋಂದಣಿ ಬಯಸುವವರು ಮೊದಲು ಸತ್ತಿರತಕ್ಕದ್ದು. ಸತ್ತದ್ದಕ್ಕೆ ಕೊಂದವರ ಒಪ್ಪಿಗೆ ಪತ್ರ ಲಗತ್ತಿಸತಕ್ಕದ್ದು.

ಮೂರು: ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳು ಈಗಾಗಲೇ ನೋಂದಾಯಿತ ಮೃತರಾಗಿರತಕ್ಕದ್ದು.

ನಾಲ್ಕು: ನೀಲಿ ಬೊಟ್ಟು ತೊಂಬತ್ತು ಸೆಕೆಂಡು ಊರ್ಜಿತ. ನವೀಕರಣಕ್ಕಾಗಿ ಇನ್ನೊಮ್ಮೆ ಸಾಯತಕ್ಕದ್ದು.

ಐದು: ಆಟಗಾರರು ಯಾರಿಗಾದರೂ ಅಚ್ಚರಿ ನೀಡಬಯಸಿದಲ್ಲಿ, ಅಚ್ಚರಿಗೊಳ್ಳಬೇಕಾದವರು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.”

ಬೀಗಿತ್ತಿ ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲೆ ಎಸೆದರು. “ಹರಿದು ಬಿಸಾಕಿ ಬೀಗಿತ್ರೇ. ನಿಮ್ಮ ಕಿಟಕಿ ಕಿತ್ಕೊಳ್ತಾ ಇದ್ದಾರೆ.”

“ಹರಿಯೋದಾ?” ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದರು. “ಇದರಲ್ಲಿ ತಾರೀಖೇ ಇಲ್ವಲ್ರೀ.”

“ತಾರೀಖು ಕಟ್ಕೊಂಡು ಏನಾಗ್ಬೇಕು?”

“ಮೂರನೇದು ನೋಡಿ. ಸಾಕ್ಷಿ ಮೊದಲೇ ಸತ್ತು ನೋಂದಣಿ ಆಗಿರ್ಬೇಕಂತೆ. ಹಾಗಾದ್ರೆ ಮೊಟ್ಟಮೊದಲು ಸಾಯೋನಿಗೆ ಸಾಕ್ಷಿ ಯಾರು? ಯಾರು ಬರೆದದ್ದು ಇದನ್ನ? ಕಲಿತವರಾ?”

ಕೆಂಪು ಪೆನ್ನು ಎಲ್ಲಿದೆ ಎಂದು ಕೇಳಿದರು. ತಪ್ಪಿರುವ ನಮೂನೆಯೊಂದು ಮೇಜಿನ ಮೇಲಿದ್ದರೆ ಅಕ್ಕನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಎರಡು ಮಧ್ಯಾಹ್ನ ಕಿಟಕಿಗೂ ಹೋಗದೆ ಕೂತು ತಿದ್ದಿದರು. ಒಟ್ಟು ಇಪ್ಪತ್ತಮೂರು ತಿದ್ದುಪಡಿ. ‘ಮೊದಲ ಇಬ್ಬರು ಸಾಕ್ಷಿಗಳನ್ನು ಕಂಪನಿಯೇ ಸಾಯಿಸಿ ಒದಗಿಸತಕ್ಕದ್ದು’ ಎಂದು ಮೂರನೆಯ ನಿಯಮವನ್ನು ನೇರ್ಪಡಿಸಿದರು. ಕಿಟಕಿಯ ಹಿಂದೆ ಯಾರು ಕೂರಬೇಕೆಂದು ಕರಡಿನಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ದೊಡ್ಡ ಲೋಪವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ತಾವೇ ಆರನೆಯ ನಿಯಮ ಸೇರಿಸಿದರು: ‘ನೋಂದಣಿ ಅಧಿಕಾರಿಯು ಲಿಖಿತ ನೇಮಕಾತಿ ಆದೇಶ ಹೊಂದಿರತಕ್ಕದ್ದು. ಆದೇಶವಿಲ್ಲದೆ ಕಿಟಕಿಯ ಹಿಂದೆ ಕೂರುವುದು ಅಪರಾಧ.’ ಬರೆದು, ಎರಡು ಸಲ ಓದಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದರು.

ಇಪ್ಪತ್ತಮೂರನೆಯದು ತಿದ್ದುಪಡಿಯಲ್ಲ, ಆಕ್ಷೇಪಣೆ. ಎರಡನೆಯ ನಿಯಮದ ಪಕ್ಕದಲ್ಲಿ ಬರೆದಿದ್ದರು: ‘ಇದನ್ನು ಕೈಬಿಡತಕ್ಕದ್ದು. ಸಾಯುವುದನ್ನು ನಿಲ್ಲಿಸಲೆಂದೇ ಈ ನೋಂದಣಿ. ಮೊದಲು ಸಾಯಿರಿ ಎಂದರೆ ಜನ ನನ್ನ ಹತ್ತಿರ ಏಕೆ ಬರಬೇಕು?’

ವಾರದೊಳಗೆ ಮೇಲ್ವಿಚಾರಕರೇ ಫೋನ್ ಮಾಡಿದರು.

“ಅಮ್ಮಾ, ಇಷ್ಟು ಅಚ್ಚುಕಟ್ಟಾಗಿ ನಮ್ಮ ವಕೀಲರೂ ಬರೆಯಲ್ಲ. ಇಪ್ಪತ್ತೆರಡನ್ನೂ ಹಾಗ್‌ಹಾಗೇ ತಗೊಂಡಿದ್ದೀವಿ.”

“ಇಪ್ಪತ್ತಮೂರನೇದು?”

“ಅದು ಪರಿಶೀಲನೆಯಲ್ಲಿದೆ.”

“ಯಾರ ಹತ್ರ ಇದೆ?”

“ಪರಿಶೀಲನೆ ಹತ್ರಾನೇ ಇದೆ ಅಮ್ಮಾ.”

ಅಕ್ಕ ಫೋನಿಟ್ಟು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಆ ಮಾತಿನ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೋಮವಾರ ನಿಯಮಗಳು ಜಾರಿಗೆ ಬಂದವು. ಎರಡು ಗಂಟೆಗೆ ಅಕ್ಕ ನಿಲ್ದಾಣಕ್ಕೆ ಹೋದರು. ಚಪ್ಪರವಿತ್ತು. ಆದರೆ ಅದನ್ನು ಯಾರೂ ಕಟ್ಟಿರಲಿಲ್ಲ. ಕಂಪನಿ ಅದನ್ನು ಕಾಯಂ ಮಾಡಿ, ‘ಕಂಪನಿಯ ಕೊಡುಗೆ’ ಎಂದು ಫಲಕ ಹಾಕಿತ್ತು. ಬೆಂಚಿಗೂ ಫಲಕ, ಪೀಪಾಯಿಗಳಿಗೂ ಫಲಕ. ಬಸ್ಸನ್ನು ಕದಲದಂತೆ ನೆಲಕ್ಕೆ ಬಿಗಿದು ಅದನ್ನು ‘ಬಸ್ಸಿನ ಸ್ಮಾರಕ’ ಎಂದು ಕರೆದಿತ್ತು. ಕಿಟಕಿಯ ಮುಂದಿನ ಸಾಲಿನಲ್ಲಿ ಜನ ಕಾಗದ ಹಿಡಿದುಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಕೊಂದವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ಅವನನ್ನು ಇನ್ನೊಬ್ಬ ಕೊಲ್ಲುತ್ತಿದ್ದ. ಸಾಕ್ಷಿಗಳ ತೊಂಬತ್ತು ಸೆಕೆಂಡು ಮುಗಿದರೆ ಅವರನ್ನು ಹೊಸದಾಗಿ ಕೊಲ್ಲಬೇಕಾಗುತ್ತಿತ್ತು. ಮೊದಲು ನಲವತ್ತು ಲಕ್ಷವಿದ್ದು ಅರ್ಧಕ್ಕೆ ಇಳಿದಿದ್ದ ಸಾವು ಅವತ್ತೊಂದೇ ದಿನ ಎಪ್ಪತ್ತು ಲಕ್ಷಕ್ಕೆ ಏರಿತು. ಅಷ್ಟೂ ಸಾವು ಕ್ರಮಬದ್ಧ.

ಕಿಟಕಿಯ ಹಿಂದೆ ಕಂಪನಿ ಮಾಡಿಸಿದ ಬೊಂಬೆಯೊಂದು ಕೂತಿತ್ತು. “ಮುಂದಿನವರು” ಎಂದಿತು. ದನಿ ಅಕ್ಕನದು. ಇಷ್ಟು ದಿನ ಅವರು ಹೆಡ್‌ಫೋನಿನಲ್ಲಿ ಆಡಿದ ಮಾತುಗಳನ್ನೇ ಕೂಡಿಸಿ ಮಾಡಿದ್ದು.

“ಅದು ನನ್ನ ಜಾಗ,” ಅಂದರು ಅಕ್ಕ.

“ನೇಮಕಾತಿ ಆದೇಶ ಇದೆಯಾ?” ಬೊಂಬೆ ಅಕ್ಕನ ದನಿಯಲ್ಲೇ ಕೇಳಿತು.

“ಇಲ್ಲ.”

“ನಿಯಮ ಆರು.”

“ಗೊತ್ತು. ನಾನೇ ಬರೆದದ್ದು.”

“ಹಾಗಾದರೆ ಸಾಲಿನಲ್ಲಿ ಬನ್ನಿ.”

ಸಾಲಿನಲ್ಲಿದ್ದ ಮೂಳೆಮುರುಕ ಹತ್ತಿರ ಬಂದ. “ಏನಕ್ಕ ಇದು? ನಿಮ್ಮನ್ನೇ ಹೊರಗೆ ಹಾಕಿದ್ರಾ? ಒಂದು ಮಾತು ಹೇಳಿ, ನಾವೆಲ್ಲ ಬಂದೂಕು ಕೆಳಗೆ ಹಾಕಿ ಕೂತ್ಬಿಡ್ತೀವಿ.”

ಇನ್ನೂರು ಜನ ಕೊಲ್ಲುವುದನ್ನು ನಿಲ್ಲಿಸಿ ಅಕ್ಕನ ಕಡೆ ನೋಡಿದರು. ಅಕ್ಕ ಹೇಳಬೇಕಾಗಿದ್ದದ್ದು ಒಂದೇ ಮಾತು. ಬಾಯಿ ತೆರೆದರು. ಕಿಟಕಿಯ ಪಕ್ಕದ ಗೋಡೆಯ ಮೇಲೆ ಆರನೆಯ ನಿಯಮ ದಪ್ಪ ಅಕ್ಷರದಲ್ಲಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಗೆರೆ ಸಮೇತ ಇತ್ತು.

“ನಿಯಮ ಸರಿಯಾಗೇ ಇದೆಯಪ್ಪ,” ಅಂದರು.

“ನೀವೇ ಸರಿ ಅಂದ್ಮೇಲೆ ನಮ್ಮದೇನಿದೆ,” ಎಂದ ಮೂಳೆಮುರುಕ, ಪಕ್ಕದವನನ್ನು ಕೊಂದು ತನ್ನ ಜಾಗಕ್ಕೆ ಹೋಗಿ ನಿಂತ. ಸರಿ ಇದೆಯಂತೆ ಎಂಬ ಸುದ್ದಿ ಸಾಲಿನಲ್ಲಿ ಕೊನೆಯ ತನಕ ಹೋಯಿತು. ಎಲ್ಲರಿಗೂ ಸಮಾಧಾನವಾಯಿತು.

ಅಕ್ಕ ಕೊನೆಯಲ್ಲಿ ಹೋಗಿ ನಿಂತರು. ಅರ್ಧ ಗಂಟೆಯಾದರೂ ಮುಂದೆ ಸರಿಯಲಿಲ್ಲ. ಹಳದಿ ಪಂಗಡದ ‘ದವಡೆ’, ಅಂದರೆ ಬೀಗಿತ್ತಿ, ಓಡಿ ಬಂದರು.

“ಬೀಗಿತ್ರೇ, ನೀವಿನ್ನೂ ಸತ್ತಿಲ್ಲ. ಹೀಗೆ ಸುಮ್ನೆ ನಿಂತ್ರೆ ಕೆಲಸ ಆಗಲ್ಲ. ತಪ್ಪು ತಿಳ್ಕೋಬೇಡಿ.”

“ಇಲ್ಲ, ಹೊಡೀರಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾತ್ರ ಮರೀಬೇಡಿ.”

“ಎರಡು ಪ್ರತಿನಾ?”

“ಮೂರು.”

ಬೀಗಿತ್ತಿ ಒಂದೇ ಗುಂಡಿಗೆ ಕೆಲಸ ಮುಗಿಸಿದರು. ಅಕ್ಕ ಏಳು ಸೆಕೆಂಡಿನಲ್ಲಿ ಎದ್ದು, ಮೂರು ಪ್ರತಿ ಹಿ‌ಡಿದುಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಈಗಲೂ ಪ್ರತಿ ಮಧ್ಯಾಹ್ನ ಅಲ್ಲೇ ನಿಂತಿರುತ್ತಾರೆ. ದಿನಕ್ಕೆ ಮೂವತ್ತು ಸಲ ಸಾಯುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಖಾಲಿ ಉಳಿದಿದೆ. ವ್ಯವಸ್ಥೆ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದ್ದಾರೆ. ಕೇಳಿದರೆ ಅಕ್ಕನೂ ಹಾಗೇ ಹೇಳುತ್ತಾರೆ.

ನೀವು ಒಪ್ಪಬೇಡಿ. ನೀವು ನಾಲ್ಕು ಜನ ಸೇರಿ ಕಟ್ಟಿದ್ದನ್ನು ಮೆಚ್ಚಿಕೊಂಡು ಯಾರಾದರೂ ಕರಡು ನಿಯಮ ಕಳಿಸಿದರೆ ಅದರ ಒಂದು ಅಲ್ಪವಿರಾಮವನ್ನೂ ತಿದ್ದಬೇಡಿ. ಹರಿದು ಹಾಕಿ. ನಾಳೆ ಎರಡು ಗಂಟೆಗೆ ಕೊನೆಯ ಕೋಟೆಗೆ ಹೋಗಿ. ಬಂದೂಕು ನೆಲಕ್ಕೆ ಹಾಕಿ. ಕಿಟಕಿಯ ಕಡೆ ತಿರುಗಿಯೂ ನೋಡಬೇಡಿ. ಸಾಲಿನ ಕೊನೆಯಲ್ಲಿ ಕಾಗದ ಹಿಡಿದು ಮುದುಕಿಯೊಬ್ಬರು ನಿಂತಿರುತ್ತಾರೆ. ಅವರ ಎದುರಿಗೆ ಹೋಗಿ ನಿಲ್ಲಿ, ಹೆಸರು ಹೇಳಿ, ವಯಸ್ಸು ಹೇಳಿ, ಏನು ಕೆಲಸ ಮಾಡುತ್ತೀರಿ ಹೇಳಿ. ತಮಗೆ ಅಧಿಕಾರವಿಲ್ಲ ಎನ್ನುತ್ತಾರೆ. ಕೇಳಬೇಡಿ. ನಿಮ್ಮ ಹಿಂದೆ ಇನ್ನೊಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಮತ್ತೊಬ್ಬರನ್ನು ನಿಲ್ಲಿಸಿ. ಅವರು ಬರೆದುಕೊಳ್ಳುವ ತನಕ ಅಲ್ಲಿಂದ ಕದಲಬೇಡಿ.